ನೂರು ಹಸುವಿನ ನಡುವೆ ಹಾಲು ಕೇಳುವ ಚಿನ್ನತಂಬಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಂಬಂ ಕಣಿವೆಯ ಪಡುವಣ ಬೆಟ್ಟಗಳ ಮೇಲೆ ಮೋಡ ಕೂತಿದೆ. ಮುಳ್ಳುಬೇಲಿಯ ದೊಡ್ಡ ಹಟ್ಟಿಯೊಳಗೆ ಹಸುಗಳು ಒಂದೊಂದಾಗಿ ಏಳುತ್ತಿವೆ, ಕರುಗಳು ಕೆಚ್ಚಲಿಗೆ ತಲೆ ಗುದ್ದುತ್ತಿವೆ. ನೂರಕ್ಕೂ ಹೆಚ್ಚು ದನಗಳಿರುವ ಈ ಹಟ್ಟಿಯಿಂದ, ಅದನ್ನು ಕಾಯುವ ಚಿನ್ನತಂಬಿ ಖಾಲಿ ತೆಂಗಿನ ಚಿಪ್ಪು ಹಿಡಿದು ಹೊರಗೆ ಬರುತ್ತಾರೆ. ಊರಿನ ಕಡೆ ನಡೆಯುತ್ತಾರೆ, ಹಾಲು ಕೇಳುವುದಕ್ಕೆ.

ಹಾಲು ಅವರಿಗಲ್ಲ, ಒಂದು ಬೆಕ್ಕಿನ ಮರಿಗೆ.

ಅಂಗಳದಲ್ಲಿ ಆಡು ಕರೆಯುತ್ತಿರುವ ವೆಳ್ಳೈಯಮ್ಮಾಳ್ ದೂರದಿಂದಲೇ ದನಿ ಎತ್ತುತ್ತಾರೆ. "ಬಂದ್ರು ನೋಡು ಮಾವ! ನೂರು ಹಸಾ ಇಟ್ಕಂಡು ನನ್ನ ಒಂದು ಆಡಿನ ಮುಂದೆ ಚಿಪ್ಪು ಹಿಡೀತಾರೆ. ನಾಚ್ಕೆ ಇಲ್ವಾ ನಿನಗೆ?"

"ಇತ್ತು ತಾಯಿ. ನೀನು ದಿನಾ ಕೇಳಿ ಕೇಳಿ ಸವೆದೋಯ್ತು."

ಹಟ್ಟಿ ದೇವರದು. ತಲೆಮಾರುಗಳ ಹಿಂದೆ ಮಧುರೆ ಜಿಲ್ಲೆಯ ಈ ಮೂಲೆಗೆ ಬಂದು ಬೇಸಾಯಕ್ಕೆ ನಿಂತ ಕನ್ನಡ ಮನೆತನದವರು ಹರಕೆ ಹೊತ್ತು ಬಿಟ್ಟ ಹಸುಗಳು ಇವು. ಊರಿನ ಕಟ್ಟಳೆಯಂತೆ ಇವನ್ನು ಉಳಲು ಹೂಡುವುದಿಲ್ಲ, ಮಾರುವುದಿಲ್ಲ, ಹಾಲು ಕರೆಯುವುದೂ ಇಲ್ಲ. ಹಾಲೆಲ್ಲ ಕರುಗಳ ಪಾಲು. ಬೆಕ್ಕಿನ ಮರಿಗೆ ಬೇಕಾದದ್ದು ಮಗುವಿಗೆ ಹಾಲು ಕುಡಿಸುವ ಒಂದು ಒಳಲೆಯಷ್ಟೂ ಅಲ್ಲ. ನಸುಕಿನಲ್ಲಿ ಅಷ್ಟು ಹಾಲು ಕರೆದುಕೊಂಡರೆ ಯಾರಿಗೆ ಗೊತ್ತಾಗುತ್ತದೆ ಎಂದು, ಹಟ್ಟಿಯ ಬಗ್ಗೆ ಬರೆಯಲು ಬಂದಿರುವ ನಾನು ಕೇಳುತ್ತೇನೆ. ಕೇಳಬಾರದಿತ್ತೇನೋ. ಚಿನ್ನತಂಬಿ ಬೇಸರಿಸುವುದಿಲ್ಲ.

"ಕರುಗೆ ಗೊತ್ತಾಗ್ತದೆ, ತಂಬಿ," ಎನ್ನುತ್ತಾರೆ. ತಂಬಿ ಎಂದರೆ ತಮ್ಮ; ನನ್ನನ್ನು ಹಾಗೇ ಕರೆಯುತ್ತಾರೆ.

ಅವರಿಗೆ ವಯಸ್ಸು ಐವತ್ತು ದಾಟಿದೆ. ಎಷ್ಟು ದಾಟಿದೆ ಎಂಬುದು ಅವರಿಗೂ ತಿಳಿಯದು, ನಾನೂ ಊಹಿಸಿ ಬರೆಯಲಾರೆ. ಹೆಂಡತಿ ತೀರಿಹೋದ ಮೇಲೆ ಮನೆ ಬಿಟ್ಟು ಹಟ್ಟಿಯ ಪಕ್ಕದ ಗುಡಿಸಲಿಗೆ ಬಂದವರು. ಒಕ್ಕಣೆಯಾದಾಗ ಮನೆಮನೆಯಿಂದ ಬರುವ ಕಂಬು (ಸಜ್ಜೆ), ಜೋಳವೇ ಸಂಬಳ. ಬೆಳಿಗ್ಗೆ ದನ ಬಿಟ್ಟು ಬೆಟ್ಟದ ಬುಡದವರೆಗೆ ಹೊಡೆದುಕೊಂಡು ಹೋಗುತ್ತಾರೆ. ಮಧ್ಯಾಹ್ನ ಹೊಳೆಯಲ್ಲಿ ನೀರು ಕುಡಿಸುತ್ತಾರೆ, ಮೈಗೆ ಕಚ್ಚಿದ ಉಣ್ಣೆಹುಳ ಹೆಕ್ಕುತ್ತಾರೆ. ಹೊಟ್ಟೆ ಉಬ್ಬರಿಸಿದ ದನಕ್ಕೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುತ್ತಾರೆ. ಹಟ್ಟಿಯೊಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಅವರ ಅಂಗಾಲಿನಲ್ಲಿ ಮುರಿದ ಮುಳ್ಳುಗಳು ಕಪ್ಪು ಚುಕ್ಕೆಗಳಾಗಿ ಉಳಿದಿವೆ. ಹೋದ ವರ್ಷ, ಸಾವಿರದ ಒಂಬೈನೂರ ಅರವತ್ತಮೂರರಲ್ಲಿ, ಊರಿಗೆ ವಿದ್ಯುತ್ ಬಂತು. ಹಟ್ಟಿಯವರೆಗೆ ಬಂದಿಲ್ಲ.

ಮರಿ ಸಿಕ್ಕಿದ್ದು ಬೇಲಿಯ ಮುಳ್ಳಿನ ನಡುವೆ. ತಾಯಿಬೆಕ್ಕು ಉಳಿದ ಮರಿಗಳನ್ನು ಕಚ್ಚಿಕೊಂಡು ಹೋಗಿ ಇದೊಂದನ್ನು ಬಿಟ್ಟಿತ್ತು. ಯಾಕೆಂದು ಹಾಲು ಕುಡಿಸುವಾಗ ತಿಳಿಯಿತು. ಹುಟ್ಟಿನಿಂದಲೇ ಅದರ ಅಂಗುಳು ಸೀಳಿದೆ. ಬಾಯಿಗೆ ಹಾಕಿದ ಹಾಲು ಮೂಗಿನಿಂದ ಬರುತ್ತದೆ, ಮರಿಗೆ ಉಸಿರು ಕಟ್ಟುತ್ತದೆ. ಹಸು ನೋಡಲು ಬಂದ ದನದ ಡಾಕ್ಟರು ಇದನ್ನೂ ನೋಡಿ, ಇದಕ್ಕೆ ಔಷಧಿಯಿಲ್ಲ, ನೀವು ಹೀಗೆ ಕುಡಿಸುವಷ್ಟು ದಿನ ಬದುಕುತ್ತದೆ ಎಂದು ಹೇಳಿ ಹೋದರಂತೆ.

"ಹೀಗೆ" ಎಂದರೆ ಹೇಗೆ ಎಂದು ನೋಡುವ ಕುತೂಹಲ ನನಗೆ. ಗುಡಿಸಲಿನ ಸೂರಿನಿಂದ ನವಿಲಿನ ರೆಕ್ಕೆಗರಿಯ ಟೊಳ್ಳು ದಂಟೊಂದನ್ನು ಅವರು ತೆಗೆಯುತ್ತಾರೆ. ದನಕ್ಕೆ ಬಿದಿರಿನ ಗೊಟ್ಟ, ಮರಿಗೆ ಈ ಗೊಟ್ಟ. ಕೆನ್ನೆಯ ಒಳಗೆ ಒಂದು ತೊಟ್ಟು ಬಿಟ್ಟು, ಅದು ನುಂಗುವವರೆಗೆ ಕಾಯುತ್ತಾರೆ. ಮತ್ತೊಂದು ತೊಟ್ಟು. ದಿನಕ್ಕೆ ನಾಲ್ಕು ಸಲ ಇದೇ ಕೆಲಸ. ಮೇಯಿಸಲು ಹೋದಾಗ ಮರಿ ಹೆಗಲಿನ ಕಂಬಳಿಯ ಮಡಿಕೆಯಲ್ಲಿರುತ್ತದೆ.

ಆದರೆ ಆಡಿ, ಅಂದರೆ ಆಷಾಢ ತಿಂಗಳ ಮಳೆ ಹತ್ತಿರ ಬಂದಿದೆ. ಹೊಲಗಳಲ್ಲಿ ಬಿತ್ತನೆಯಾದರೆ ದನಗಳೆಲ್ಲ, ಜೊತೆಗೆ ಚಿನ್ನತಂಬಿಯೂ, ಬೆಟ್ಟ ಹತ್ತಬೇಕು, ಸಂಕ್ರಾಂತಿಯ ತೈ ತಿಂಗಳವರೆಗೆ ಇಳಿಯುವಂತಿಲ್ಲ. ಮೇಲೆ ಚಳಿ, ಜಿಗಣೆ. ಆಡಿನ ಹಾಲು ಕೊಡುವವರಿಲ್ಲ. ಕೆಳಗೆ ಬಿಟ್ಟರೆ ಕುಡಿಸಲು ಬರುವವರಿಲ್ಲ.

"ಎಲ್ರನ್ನೂ ಕೇಳ್ದೆ. ಇಲಿ ಹಿಡೀತದಾ ಅಂತಾರೆ. ತಾನೇ ಉಣ್ಣಕ್ಕಾಗದ್ದು ಇಲಿ ಎಲ್ಲಿ ಹಿಡೀತದೆ?" ಎನ್ನುತ್ತಾರೆ ಚಿನ್ನತಂಬಿ. ವೆಳ್ಳೈಯಮ್ಮಾಳನ್ನು ಮಾತ್ರ ಕೇಳಿಲ್ಲ. "ಹಾಲೂ ಅವಳ್ದೇ, ಬೈಗಳೂ ಅವಳ್ದೇ. ಇನ್ನೂ ಏನ್ ಕೇಳೋದು?"

ಇವತ್ತು ಚಿನ್ನತಂಬಿ ಕೇಳುವವರೆಗೆ ಆಕೆ ಕಾಯುವುದಿಲ್ಲ. ಕರೆದ ಹಾಲಿನ ಜೊತೆ ತಾವೇ ಅವರ ಹಿಂದೆ ಹಟ್ಟಿಯ ಬಾಗಿಲಿಗೆ ಬಂದು ಕೂತು, "ಕೊಡು ಇಲ್ಲಿ, ಏನ್ ಮಹಾ ವಿದ್ಯೆ ನೋಡ್ತೀನಿ" ಎಂದು ಮರಿಯನ್ನು ಎತ್ತಿಕೊಳ್ಳುತ್ತಾರೆ. ಎಳೆಮಗುವಿನಂತೆ ಅಂಗಾತ ಮಲಗಿಸಿ ಹಾಲು ಬಿಡುತ್ತಾರೆ. ಮರಿ ಕೆಮ್ಮಿ, ಮೂಗಿನಿಂದ ಹಾಲು ಕಾರಿ, ಕಾಲು ಬಡಿಯುತ್ತದೆ. ಚಿನ್ನತಂಬಿ ಕಸಿದುಕೊಂಡು ತಲೆ ಬಗ್ಗಿಸಿ, ಮೂಗನ್ನು ತಮ್ಮ ಪಂಚೆಯಲ್ಲೇ ಒರೆಸುತ್ತಾರೆ. ಮರಿ ಮತ್ತೆ ಉಸಿರಾಡುತ್ತದೆ.

"ಮಗು ಅಂತ ಹಿಡೀಬೇಡ ತಾಯಿ. ಕರು ಅಂತ ಹಿಡಿ. ಹೊಟ್ಟೆ ನೆಲಕ್ಕಿರ್ಲಿ."

ಆಕೆ ಮತ್ತೆ ಕೈ ಚಾಚುತ್ತಾರೆ. ಈ ಸಲ ಮರಿಯನ್ನು ಮಡಿಲಲ್ಲಿ ನಿಲ್ಲಿಸಿಕೊಂಡು ಒಂದು ತೊಟ್ಟು ಬಿಡುತ್ತಾರೆ. ಕಾಯುತ್ತಾರೆ. ಗಂಟಲು ಅಲುಗುತ್ತದೆ, ಮೂಗು ಒಣಗಿಯೇ ಇದೆ. ಚಿಪ್ಪು ಬರಿದಾಗುವ ಹೊತ್ತಿಗೆ ಬಿಸಿಲು ಬಂದಿರುತ್ತದೆ.

"ನಿನ್ನ ಕೈ ಒನಕೆ ಥರ ಐತೆ ಮಾವ. ಇದಕ್ಕೆ ನನ್ನ ಕೈಯೇ ಸರಿ," ಎನ್ನುತ್ತಾರೆ ವೆಳ್ಳೈಯಮ್ಮಾಳ್. ಆಮೇಲೆ ತಲೆ ಎತ್ತದೆ, "ಒಂದ್ ಮಾತು. ತೈಯಲ್ಲಿ ಇಳ್ದು ಬಂದು, ನಂದು ಕೊಡು ಅನ್ನಂಗಿಲ್ಲ. ಸಾಕಿ ವಾಪಸ್ ಕೊಡಕ್ಕೆ ನನಗಾಗಲ್ಲ. ಕೊಟ್ರೆ ನಂದೇ."

ಹಟ್ಟಿಯೊಳಗೆ ದನಗಳು ಬಾಗಿಲು ತಳ್ಳುತ್ತಿವೆ. ಚಿನ್ನತಂಬಿ ಮರಿಯ ಕಿವಿಯ ಹಿಂದೆ ಅಂಟಿದ್ದ ಸಗಣಿಯ ಚೂರನ್ನು ಉಗುರಿನಿಂದ ಕೆರೆದು ತೆಗೆಯುತ್ತಾರೆ. "ಶರಿ. ನಿಂದೇ," ಎಂದು ಗರಿಯ ದಂಟನ್ನು ಆಕೆಯ ಕೈಗಿಡುತ್ತಾರೆ.

ದನ ಹೊಡೆದುಕೊಂಡು ಹೊರಟ ಚಿನ್ನತಂಬಿಯ ಜೊತೆ ಬೆಟ್ಟದ ದಾರಿಯಲ್ಲಿ ಸ್ವಲ್ಪ ದೂರ ನಡೆಯುತ್ತೇನೆ. ಖಾಲಿ ಕಂಬಳಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುತ್ತಾರೆ. ಅವರೇ ಹೇಳುತ್ತಾರೆ.

"ಹಟ್ಟೀಲಿರೋದೆಲ್ಲ ದೇವ್ರದು, ತಂಬಿ. ಊರಲ್ಲಿ ಎಲ್ರೂ ಏನಾದ್ರೂ ಕೊಟ್ಟೋರು, ನಾನೊಬ್ಬ ಈಸ್ಕಂಡು ಕಟ್ಟಾಕ್ದೋನು. ಇವತ್ತು ನಾನೂ ಒಂದು ಕೊಟ್ಟೆ. ಅದೂ ಬೇಡ ಅಂದೋರ್ಗೆ ದಬ್ಬಿ ಅಲ್ಲ, ಬೇಕು ಅನ್ನಿಸ್ಕಂಡು ಕೊಟ್ಟೆ."