ಜಮಖಾನದ ಕೆಳಗಿನ ಬಿರುಕು

ದುರ್ಗಾ, ಕಲಘಟಗಿ ಕಡೆಯ ತಂಬೂರು ಎಂಬ ಹಳ್ಳಿಯವಳು. ಅವಳಪ್ಪ ಗುಡದಪ್ಪ ನಮ್ಮ ಜೊತೆ ರೈತರ ಧರಣಿಗಳಲ್ಲಿ ಗಂಟಲು ಹರಿದುಕೊಂಡವನು. ಮಗಳು ನವಲಗುಂದದ ಸೇವಾಸಂಸ್ಥೆಯೊಂದಕ್ಕೆ ಸೇರಿದ್ದು ಅವನಿಗೆ ಹಿಡಿಸಲಿಲ್ಲ.

"ನಾವು ಹಕ್ಕ ಕೇಳಿದಿವಿ, ಇಕಿ ದಾನ ಕೇಳಾಕ ಹೊಂಟಾಳ."

"ನಿಮಗರೆ ಬೈಯಾಕ ಬರ್ತಿತ್ತಪ್ಪ. ನಾ ನಕ್ಕೋತ ಕೇಳಬೇಕು," ಎಂದಳು ಮಗಳು.

ಜಮಖಾನ ನೇಯುವ ಹೆಂಗಸರು ಮಗ್ಗಕ್ಕೆ ಕೂತಾಗ ಅವರ ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರ ಅವಳ ಪಾಲಿಗೆ ಬಂತು. ಅದಕ್ಕೆ ನೆರವು ತರುವುದೂ ಅವಳದೇ ಕೆಲಸ. ಸಂಸ್ಥೆಯ ಹಳೆಯ ಕೋಣೆ, ಕೆಳಗೆ ಎರೆಮಣ್ಣು, ನೆಲ ಬಾಯಿಬಿಟ್ಟಿತ್ತು. ಒಮ್ಮೆ ಬಿರುಕಿನಿಂದ ಚೇಳು ಎದ್ದು ಬಂದಿತ್ತು. ಹುಬ್ಬಳ್ಳಿಯ ಒಂದು ಟ್ರಸ್ಟಿನವರು ಒಪ್ಪಿದರೆ ಹೊಸ ನೆಲ. ಇಲ್ಲದಿದ್ದರೆ ಕೇಂದ್ರಕ್ಕೂ ದುರ್ಗಾಳ ಕೆಲಸಕ್ಕೂ ಬೀಗ.

ಟ್ರಸ್ಟಿನ ಅಧಿಕಾರಿ ರಘೂತ್ತಮ ಕೇಂದ್ರ ನೋಡಲು ಬಂದ. ಬಸ್‌ಸ್ಟ್ಯಾಂಡಿನಿಂದ ಅವನನ್ನು ಕರೆತಂದು ದುರ್ಗಾ ಬಾಗಿಲು ದೂಡಿದಳು. ಅವಳು ಹೋಗಿ ಬರುವಷ್ಟರಲ್ಲಿ ಹಿರಿಯ ನೇಕಾರ್ತಿ ಖಾತುನಬಿ ತನ್ನ ಪೆಟ್ಟಿಗೆಯೊಳಗಿನ ಒಳ್ಳೆಯ ಜಮಖಾನ ತಂದು ಗೋಡೆಯಿಂದ ಗೋಡೆಗೆ ಹಾಸಿದ್ದಳು. ಒಂದು ಬಿರುಕೂ ಕಾಣುತ್ತಿರಲಿಲ್ಲ.

"ಭಾಳ ಚಂದ ಇಟ್ಟೀರಿ. ಏನರ ಅಡಚಣಿ ಐತೇನ್ರಿ?" ರಘೂತ್ತಮ ಕೇಳಿದ.

"ಅಲ್ಲಾನ ದಯಾ, ಏನೂ ಕಮ್ಮಿ ಇಲ್ರಿ. ಚಾ ಆರತೈತಿ, ತಗೋರಿ," ಎಂದಳು ಖಾತುನಬಿ.

ನಮ್ಮ ಕಡೆಯ ಜನವೇ ಹಾಗೆ. ಹೊಟ್ಟೆ ಚುರುಗುಟ್ಟುತ್ತಿದ್ದರೂ ಬಂದವರ ಮುಂದೆ 'ಈಗ ಉಂಡಿವ್ರಿ' ಅನ್ನುವವರು.

ರಘೂತ್ತಮ ಎದ್ದ. "ಹಂಗಾರ ಮತ್ತ, ಇಲ್ಲದವರ ಕಡೆ ಮೊದಲ ನೋಡೂಣು."

ದುರ್ಗಾ ಬಾಯಿ ಬಿಟ್ಟರೆ ಮುದುಕಿ ಸುಳ್ಳಿ ಆಗುತ್ತಾಳೆ, ಬಿಡದಿದ್ದರೆ ಕೂಸುಗಳು ಚೇಳಿನ ಮೇಲೆ. "ಒಂದಿಷ್ಟ ಸರೀರಿ ಸರ," ಎಂದವಳೇ ಜಮಖಾನದ ಅಂಚು ಹಿಡಿದು ಸುತ್ತಿಬಿಟ್ಟಳು. ಗೋಣಿಚೀಲ ತುರುಕಿದ ಬಿರುಕುಗಳು ಬಯಲಾದವು. ಖಾತುನಬಿ ಮುಖದ ಮೇಲೆ ಸೆರಗೆಳೆದುಕೊಂಡು, ಕೂಸುಗಳ ನಡುವೆ ಇದ್ದ ಮೊಮ್ಮಗನನ್ನು ಬಗಲಿಗೆತ್ತಿ ಹೊರಗೆ ನಡೆದಳು.

ರಘೂತ್ತಮ ಫೋಟೋ ಹೊಡೆದುಕೊಂಡ. "ತಿಳಸ್ತೀವಿ," ಎಂದು ಹೋದ.

ಮರುದಿನ ಖಾತುನಬಿ ಕೂಸನ್ನು ಕಳಿಸಲಿಲ್ಲ. ಅವಳನ್ನು ನೋಡಿ ಉಳಿದವರೂ ಕಳಿಸಲಿಲ್ಲ. ದುರ್ಗಾ ಅಪ್ಪನಿಗೆ ಫೋನು ಮಾಡಿ ನಡೆದದ್ದು ಹೇಳಿದಳು.

"ಕೂಸಗೋಳ ಬರಲಿಲ್ಲಂದ್ರ ನೆಲಾ ತಗೊಂಡು ಏನ ಮಾಡ್ಲಪ್ಪ?"

"ಆಕಿ ಬಾಗಲಕ ಹೋಗಿ ನಿಂದರು. ಬೈಸ್ಕೋ," ಎಂದ ಗುಡದಪ್ಪ.

ಹೋದಳು. ಖಾತುನಬಿ ಮಗ್ಗದಿಂದ ಕತ್ತೆತ್ತಲಿಲ್ಲ.

"ಮೆಹಮಾನರ ಮುಂದ ನನ್ನ ಹಾಸಗಿ ಕಿತ್ತಿ."

"ತಪ್ಪಾತ್ರಿ ಅಮ್ಮಾ."

"ಚೇಳ ನಾನೂ ನೋಡೇನಿ ಬೇ. ಹೀಂಗ ಹೀಂಗ ಐತಿ, ಮುಚ್ಚಬ್ಯಾಡ್ರಿ ಅಂತ ಮೊದಲ ನನಗ ಹೇಳಿದ್ರ ನಿನ್ನ ಗಂಟೇನ ಹೋಗ್ತಿತ್ತು? ಇನ್ನೊಮ್ಮೆ ಯಾವನರ ಬಂದ್ರ ನಾನ ತೋರಸ್ತೀನಿ. ನೀ ಸುಮ್ನ ನಿಂದರು." ಮೊಮ್ಮಗನನ್ನು ಎತ್ತಿ ಅವಳ ಕೈಗಿಟ್ಟಳು. "ಹಿಡಿ. ಮೂಗ ಸೋರತೈತಿ, ಒರಸು."

ಟ್ರಸ್ಟಿನ ಫೋನು ಇನ್ನೂ ಬಂದಿಲ್ಲ. ಕೂಸುಗಳು ಬಂದಿವೆ. ದುರ್ಗಾ ಒಂದು ಕಣ್ಣು ಬಿರುಕಿನ ಮೇಲೆ, ಒಂದು ಕಣ್ಣು ಫೋನಿನ ಮೇಲೆ ಇಟ್ಟು ಕೂತಿದ್ದಾಳೆ.