ಹಿಟ್ಟಿನ ತಟ್ಟೆಯಲ್ಲಿ ಒದ್ದೆಯಾದ ಸಾಲು

ಈ ತಮಿಳರ ಊರಿನ ನಮ್ಮ ಕನ್ನಡ ಸಂಘದವರು ಸಂಚಿಕೆಯೊಂದನ್ನು ತರುತ್ತಿದ್ದರು. ಕಾರ್ಯದರ್ಶಿ ಫೋನು ಮಾಡಿ, “ಅಮ್ಮಾ, ನೀವು ಬೆಳೆದ ಹಳೇ ವಡಪಳನಿ ಬಗ್ಗೆ ಒಂದು ಪುಟ ಬರ್ಕೊಡಿ. ಶನಿವಾರದೊಳಗೆ ಬೇಕು,” ಎಂದರು. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ನನ್ನ ಬರಹವನ್ನು ಅಚ್ಚಿನಲ್ಲಿ ನೋಡುವ ಹುಚ್ಚು ಬಹಳ ವರ್ಷದಿಂದ ಇತ್ತು. ಒಪ್ಪಿಕೊಂಡೆ.

ಪೆನ್ನು ಹಿಡಿದರೆ ನನ್ನ ಕೈ ನಡುಗುತ್ತದೆ. ಅದಕ್ಕೇ ಅಗಲ ತಟ್ಟೆಯಲ್ಲಿ ಅಕ್ಕಿಹಿಟ್ಟು ಹರವಿ ಬೆರಳಿನಲ್ಲಿ ಬರೆಯುತ್ತೇನೆ. ತಾಯಿ ನನಗೆ ಅಕ್ಷರ ಕಲಿಸಿದ್ದೇ ಹಾಗೆ. ಮೊಮ್ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಓದಿದ್ದನ್ನು ಫೋನಿಗೆ ಕೇಳಿಸುತ್ತಾಳೆ, ಅದು ಬರೆದುಕೊಳ್ಳುತ್ತದೆ.

ಸೋಮವಾರ ತಂಗಿಯ ವಿಷಯ ಬರೆದೆ. ಆಗ ನನಗೆ ಹನ್ನೆರಡು, ಅವಳಿಗೆ ಎಂಟು. ಅವಳಿಗೆ ಮೈತುಂಬ ಸಿಡುಬು. ಬಾಗಿಲಿಗೆ ಬೇವು ಕಟ್ಟಿದ್ದರು, ಮನೆಯಲ್ಲಿ ಒಗ್ಗರಣೆ ಇಲ್ಲ. ಆ ಹೊತ್ತಿನಲ್ಲಿ ಮಗು ಏನು ಕೇಳಿದರೂ ದೇವಿಯೇ ಕೇಳಿದಂತೆ, ಇಲ್ಲ ಎನ್ನಬಾರದು. ಅವಳನ್ನು ನನಗೆ ಒಪ್ಪಿಸಿ ತಾಯಿ ದೇವಸ್ಥಾನಕ್ಕೆ ಹೋಗಿದ್ದರು. ಕೊನೆಗೆ ಬರೆದೆ: ‘ನೀರು ಕೇಳಿದಳು. ಕೊಟ್ಟೆ. ಕುಡಿದು ಮಲಗಿದವಳು ಏಳಲಿಲ್ಲ.’ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದದ್ದು ಅದೇ.

ಮಂಗಳವಾರ ಬೆಳಿಗ್ಗೆ ನೋಡಿದರೆ ‘ಕೊಟ್ಟೆ’ ಎಂದಿದ್ದ ಜಾಗ ಒದ್ದೆಯಾಗಿ ಹಿಟ್ಟು ಗಂಟು ಕಟ್ಟಿತ್ತು. ಉಳಿದ ಅಕ್ಷರಗಳು ಇದ್ದ ಹಾಗೇ ಇದ್ದವು.

“ಏಸಿಯಿಂದ ತಣ್ಣಿ ತೊಟ್ಟಿಕ್ಕಿರುತ್ತೆ ಅಜ್ಜಿ,” ಎಂದಳು ಮೊಮ್ಮಗಳು. “ಪೇಯ್ ಗೀಯ್ ಅಂತ ಶುರು ಮಾಡ್ಬೇಡ.”

“ನಿನ್ನಂಥ ಪೇಯನ್ನೇ ಸಾಕಿದೋಳು ನಾನು. ಇನ್ಯಾವ ದೆವ್ವಕ್ಕೆ ಹೆದರ್ಲೇ?”

ಬೇರೆ ಹಿಟ್ಟು ಹಾಕಿ ಅದನ್ನೇ ಬರೆದು, ತಟ್ಟೆಯನ್ನು ಫ್ರಿಜ್ಜಿನ ಮೇಲಿಟ್ಟು ಮೊರ ಮುಚ್ಚಿದೆ. ಆ ದಿನ ನೀರಿನ ಲಾರಿ ಬಂತು, ಸೊಸೆಯ ಆಫೀಸಿನ ನಾಲ್ವರು ಊಟಕ್ಕೆ ಬಂದರು, ನನಗೆ ಕೂರಲು ಪುರುಸೊತ್ತಿರಲಿಲ್ಲ. ಬುಧವಾರ ಮೊರ ತೆಗೆದರೆ ಅದೇ ಜಾಗ ಒದ್ದೆ. ಮೊರದ ಒಳಗಡೆ ಒಂದು ಹನಿಯಿಲ್ಲ. ಮತ್ತೆ ಹಿಟ್ಟು ಬದಲಿಸಿ ಬರೆದೆ. ಗುರುವಾರವೂ ಹಾಗೇ ಆಯಿತು. ಬೆರಳಲ್ಲಿ ಮುಟ್ಟಿ ಮೂಸಿದೆ. ಬೇವಿನ ವಾಸನೆ. ನಮ್ಮ ಫ್ಲ್ಯಾಟಿನ ಸುತ್ತ ಬೇವಿನ ಮರ ಇಲ್ಲ.

ಕಾರ್ಯದರ್ಶಿ ಮತ್ತೆ ಫೋನು ಮಾಡಿದರು. “ಎಲ್ಲೀವರೆಗೆ ಬಂತಮ್ಮಾ?”

“ನೀರಿನ ಹತ್ರ ಬಂದು ನಿಂತಿದೆ,” ಎಂದೆ. ಅವರು ನಕ್ಕರು.

ಶುಕ್ರವಾರ ಆ ಸಾಲು ಅಳಿಸಿ ನಡೆದದ್ದನ್ನು ಬರೆದೆ. ನೀರು ಕೇಳಿದಳು. ಅಷ್ಟರಲ್ಲಿ ಬೀದಿಯ ಹುಡುಗಿಯರು ಸಿನಿಮಾ ಸ್ಟುಡಿಯೊ ಗೇಟಿಗೆ ಕಾರು ಬಂದಿದೆ ಎಂದು ಕೂಗಿದರು. ‘ಆಮೇಲೆ ಕೊಡ್ತೀನಿ, ಇರೇ’ ಎಂದು ಓಡಿದೆ. ಕಿರೀಟ ಹಾಕಿಕೊಂಡವನೊಬ್ಬ ಬೀಡಿ ಸೇದುತ್ತಿದ್ದ. ಅದನ್ನೇ ನೋಡುತ್ತ ನಿಂತೆ. ವಾಪಸು ಬಂದಾಗ ಅವಳ ಬಾಯಿ ತೆರೆದೇ ಇತ್ತು.

ಶನಿವಾರ ಹಿಟ್ಟು ಒಣಗಿಯೇ ಇತ್ತು. ಒಂದಕ್ಷರವೂ ಅಳಿಸಿರಲಿಲ್ಲ. ಫೋನಿಗೆ ಓದಿ ಹೇಳಿದೆ. ಮೊಮ್ಮಗಳು ನನ್ನ ಮುಖ ನೋಡಿದಳು.

“ನಿಜಾನಾ ಅಜ್ಜಿ? ಅಪ್ಪನಿಗೂ ಗೊತ್ತಿಲ್ವಾ? ಎಲ್ಲಾರೂ ಓದ್ತಾರೆ.”

“ಓದ್ಲಿ. ಕಳ್ಸು.”

ಕಳಿಸಿದಳು. ತಟ್ಟೆಯ ಹಿಟ್ಟನ್ನು ದೋಸೆಗೆ ಹಾಕಲು ಮನಸ್ಸಾಗದೆ ಬಾಗಿಲಲ್ಲಿ ರಂಗೋಲಿ ಬಿಟ್ಟೆ. ಪಾತ್ರೆ ತೊಳೆದು ಬಂದು ನೋಡಿದರೆ ಹೊಸ್ತಿಲ ಪಕ್ಕ ಅಂಗೈಯಗಲ ಹಿಟ್ಟು ಒದ್ದೆಯಾಗಿತ್ತು. ಅಲ್ಲಿ ಏಸಿ ಇಲ್ಲ. ಬರೆದದ್ದಾಯಿತು, ನೀರು ಮಾತ್ರ ಇನ್ನೂ ಕೊಟ್ಟಿರಲಿಲ್ಲ.

ಒಳಗೆ ಹೋಗಿ ಒಂದು ಲೋಟ ನೀರು ತಂದು ಅಲ್ಲಿಟ್ಟೆ.