ಯಾರೂ ಹೇಳದ ಷರತ್ತು

ಕರಿ ಕೋಟಿನ ತೋಳಿಗೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದಾರೆ ತಾಯಿ. ನೇರವಾಗಿ ಒತ್ತಿದರೆ ಕರಿ ಬಟ್ಟೆ ಮಿರಮಿರ ಹೊಳೆದು ಹಾಳಾಗುತ್ತದೆ. ಬೀದಿಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ನ್ಯಾಯಾಲಯದ ಹಿಂದಿನ ಓಣಿಯ ಈ ಅಂಗಡಿಗೆ ವಕೀಲರು ಬರುವಷ್ಟರಲ್ಲಿ ಕೋಟುಗಳೆಲ್ಲ ಸಿದ್ಧವಾಗಿ ತೂಗಬೇಕು.

ಮೂಲೆಯ ಸ್ಟೂಲಿನಲ್ಲಿ ಕೂತ ಮಗಳು ಗಟ್ಟಿಯಾಗಿ ಓದುತ್ತಿದ್ದಾಳೆ. ಪದವಿ ಮುಗಿಸಿ, ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರಿ ನಡೆಸಿದ್ದಾಳೆ.

“ಐದು ಜನ ಸಾಲಾಗಿ ಕೂತಿದಾರೆ. ದರ್ಜಿ ನಡುವೆ. ವಕೀಲ ಎಡತುದಿ. ದರ್ಜಿಗೆ ಅಂಟಿಕೊಂಡು ಬಲಕ್ಕೆ ಡಾಕ್ಟರು. ಟೀಚರು ವಕೀಲನ ಪಕ್ಕ ಇಲ್ಲ. ಡ್ರೈವರು ಎಲ್ಲಿ?”

ತಾಯಿ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ತೂಗುಹಾಕಿದ ಅಂಗಿಗಳನ್ನು ಸರಸರ ಸರಿಸುತ್ತಾರೆ. ಬಿಳಿಯದು ವಕೀಲ, ಗೀಟಿನದು ದರ್ಜಿ, ನೀಲಿಯದು ಡಾಕ್ಟರು. ಉಳಿದ ಜಾಗಗಳು ತಾವಾಗಿಯೇ ತುಂಬಿಕೊಳ್ಳುತ್ತವೆ.

“ವಕೀಲನ ಪಕ್ಕಾನೇ ಡ್ರೈವರು. ಟೀಚರು ಆ ತುದಿ.”

ಮಗಳು ಪುಸ್ತಕದಿಂದ ತಲೆಯೆತ್ತುವಷ್ಟರಲ್ಲಿ ಅವರ ಕೈ ಮುಂದಿನ ಕೋಟಿನ ಕಾಲರಿನ ಮೇಲಿರುತ್ತದೆ.

ಮೊದಮೊದಲು ಹೀಗಿರಲಿಲ್ಲ. ಬೇಸರ ಕಳೆಯಲು ಕಿವಿಗೊಟ್ಟಾಗ ಒಂದು ಉತ್ತರವೂ ಸರಿಹೋಗುತ್ತಿರಲಿಲ್ಲ. ಒಂದು ಒಗಟಿನಲ್ಲಿ ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದರೆ, ಇವರು ಸೊಸೆಯನ್ನು ಸೀದಾ ಕೊನೆಗೆ ಕೂರಿಸಿದ್ದರು.

“ಅವಳು ಎದ್ದೆದ್ದು ಬಡಿಸ್ಬೇಕಲ್ವಾ? ತುದೀಲಿದ್ರೆ ಅನುಕೂಲ ಅಂದ್ಕೊಂಡೆ,” ಎಂದು ನಗುತ್ತಾರೆ. “ಅತ್ತಿಗೆ ಪಕ್ಕ ನಾದಿನಿ ಕೂರಲ್ಲ ಅಂತಿದ್ರೆ, ಜಗಳ ಆಗಿರ್ಬೇಕು, ಮುಖಾನೂ ನೋಡಲ್ಲ ಅಂತ ಎದುರಿಂದ್ಲೂ ಎಬ್ಬಿಸ್ತಿದ್ದೆ!”

“ನೀನು ಒಗಟು ಎಲ್ಲಿ ಬಿಡಿಸ್ತಿದ್ದೆಯಮ್ಮ? ಅಲ್ಲೂ ಸಂಸಾರಾನೇ ನಡೆಸ್ತಿದ್ದೆ,” ಎಂದು ಮಗಳು ಕುಟುಕುತ್ತಾಳೆ.

“ಸುಮ್ನಿರೇ! ನೀನೇ ಕಲಿಸಿದ್ದು. ಹೇಳಿದಷ್ಟೇ ತಗೋ, ಹೇಳದೇ ಇರೋದನ್ನ ನೀನಾಗಿ ಸೇರಿಸ್ಬೇಡ ಅಂತ. ಕೇಳೋಕೆ ಸುಲಭ. ಹೇಳದೇ ಇರೋದನ್ನ ಅರ್ಥ ಮಾಡ್ಕೊಂಡೇ ಇಷ್ಟು ವರ್ಷ ಮನೆ ನಡೆಸಿದೀನಿ. ಒಂದೇ ಸಲ ಬಿಟ್ಬಿಡು ಅಂದ್ರೆ?”

ಆದರೂ ಬಿಟ್ಟರು. ಆ ಅಭ್ಯಾಸವನ್ನು ಕಳಚಿಕೊಳ್ಳಲು ಎಂಥ ಗಟ್ಟಿತನ ಬೇಕೆಂದು ಬಲ್ಲವರೇ ಬಲ್ಲರು.

ಇವರೂ ಪದವೀಧರೆಯೇ. ಕರಿ ಕೋಟು ತೊಡುವ ಆಸೆ ಆಗಲೂ ಇತ್ತು. ಪದವಿ ಮುಗಿದೊಡನೆ ಮದುವೆಯಾಯಿತು. ಗಂಡನ ಬೆನ್ನುನೋವು ಹೆಚ್ಚಿದಾಗ ಅಂಗಡಿ ಇವರ ಕೈಗೆ ಬಂತು. ಓದಬೇಡ ಎಂದು ಯಾರೂ ತಡೆದವರಿಲ್ಲ. ಓದಿನ ಮಾತನ್ನು ಯಾರೂ ಎತ್ತಲಿಲ್ಲ, ಅಷ್ಟೆ. ಇವರೂ ಎತ್ತಲಿಲ್ಲ. ಯಾವ ಕೋಟಿನ ಹೆಗಲು ಇಳಿದಿದೆ, ಯಾವುದರ ಗುಂಡಿ ಸಡಿಲ ಎಂಬುದೆಲ್ಲ ಗೊತ್ತು. ಒಂದನ್ನೂ ತೊಟ್ಟು ನೋಡಿದವರಲ್ಲ.

ಪ್ರವೇಶ ಪರೀಕ್ಷೆಗೆ ಅರ್ಜಿ ಸಲ್ಲಿಸಲು ನಾಳೆಯೇ ಕೊನೆಯ ದಿನ.

“ಪರೀಕ್ಷೆ ಯಾರು ಬರೀಬಹುದು ಅಂತಿದೆ ಆ ಪ್ರಕಟಣೇಲಿ? ಇನ್ನೊಂದ್ಸಲ ಓದು.”

“ಪದವಿ ಆಗಿರ್ಬೇಕು. ಅಷ್ಟೇ. ಎಷ್ಟು ಸಲ ಓದಿಸ್ತೀಯಮ್ಮ?”

“ವಯಸ್ಸು?”

“ಅದರ ಮಾತೇ ಇಲ್ಲ.”

ತೋಳಿನ ಮೇಲೆ ಸಾಗುತ್ತಿದ್ದ ಇಸ್ತ್ರಿಪೆಟ್ಟಿಗೆ ಅಲ್ಲೇ ನಿಲ್ಲುತ್ತದೆ. ಒದ್ದೆ ಬಟ್ಟೆಯಿಂದ ಹಬೆ ದಟ್ಟವಾಗಿ ಏಳತೊಡಗಿದಾಗ ಅವರು ಎಚ್ಚೆತ್ತು ಅದನ್ನು ಎತ್ತಿಡುತ್ತಾರೆ.

“ನಾಳೆ ಅರ್ಜಿ ಹಾಕೋಕೆ ನಿನ್ನ ಜೊತೆ ನಾನೂ ಬರ್ತೀನಿ.”

“ನೀನ್ಯಾಕೆ?”

“ಬರಬಾರ್ದು ಅಂತ ಎಲ್ಲಾದ್ರೂ ಬರೆದಿದ್ಯಾ?”

ಮಗಳು ನಕ್ಕು ಪುಟ ತಿರುವುತ್ತಾಳೆ. ತಾಯಿ ಕೋಟನ್ನೆತ್ತಿ ಹೆಗಲು ಸರಿಮಾಡುತ್ತಾರೆ. ತೂಗುಹಾಕುವ ಮುನ್ನ ಒಂದು ಗಳಿಗೆ ತಮ್ಮ ಎದೆಗೆ ಹಿಡಿದು, ತೋಳಿನ ಉದ್ದ ನೋಡುತ್ತಾರೆ.